ಕಿವಿಯಿಂದ ಕಲಿತ ಲೆಕ್ಕ, ಕಣ್ಣಿಗೆ ಸಿಕ್ಕಿದ ಸೂತ್ರ

ನಮ್ಮ ಕೊಪ್ಪಳದ ಹಳೆಯ ಹೆಸರು ಕೊಪಣ. 9ನೇ ಶತಮಾನದ ‘ಕವಿರಾಜಮಾರ್ಗ’ದಲ್ಲೇ ಈ ಊರಿನ ಹೆಸರಿದೆ. ಆಗಿನ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತ ಶ್ಲೋಕಗಳಲ್ಲಿ ಬರೆದರು. 12ನೇ ಶತಮಾನದಲ್ಲಿ ರಾಜಾದಿತ್ಯ ಪದ್ಯ ಬೆರೆಸಿ ಕನ್ನಡದಲ್ಲೇ ‘ವ್ಯವಹಾರಗಣಿತ’ ಬರೆದ. ಪದ್ಯದಲ್ಲಿರುವ ನಿಯಮವನ್ನು ಕೇಳಿದರೆ ಸಾಕು, ಬಾಯಿಗೆ ಬರುತ್ತದೆ. ನಮ್ಮ ಅಜ್ಜಂದಿರು ಕಾಲು, ಅರೆ, ಮುಕ್ಕಾಲಿನ ಮಗ್ಗಿ ಒಪ್ಪಿಸಿದ್ದೂ ಹೀಗೇ.

ಹಾಗಾದರೆ ಕಣ್ಣು ಕಾಣದ ಮಕ್ಕಳಿಗೆ ಇವತ್ತು ಗಣಿತ ಯಾಕೆ ಕಷ್ಟ? ಅಚ್ಚಾದ ಸೂತ್ರ ಒಂದೇ ಸಾಲಿನಲ್ಲಿ ಓಡುವುದಿಲ್ಲ. ಭಿನ್ನರಾಶಿ ಗೆರೆಯ ಮೇಲೊಂದು ಕೆಳಗೊಂದು ಕೂರುತ್ತದೆ, ವರ್ಗದ 2 ತಲೆ ಮೇಲೆ ಏರುತ್ತದೆ. ‘ಆರು ಕೂಡಿಸು ನಾಲ್ಕು ಭಾಗಿಸು ಎರಡು’ ಅಂತ ಓದಿದರೆ ಉತ್ತರ ಎಷ್ಟು? ಆರು, ನಾಲ್ಕನ್ನು ಮೊದಲು ಕೂಡಿಸಿದರೆ 5. ನಾಲ್ಕನ್ನು ಮೊದಲು ಭಾಗಿಸಿದರೆ 8. ಗೆರೆ ಯಾವುದರ ಕೆಳಗಿದೆ ಅಂತ ಕಣ್ಣಿಗೆ ಕಾಣುತ್ತದೆ, ಕಿವಿಗೆ ಕೇಳಿಸುವುದಿಲ್ಲ.

ಈ ಗಂಟು ಬಿಚ್ಚಿದವರು ಕಣ್ಣು ಕಾಣದವರೇ. ಫ್ರಾನ್ಸಿನ ಲೂಯಿ ಬ್ರೈಲ್ 1829ರಲ್ಲಿ ಆರು ಚುಕ್ಕಿಗಳ ಲಿಪಿ ಪ್ರಕಟಿಸಿದರು. ಅದೇ ಚುಕ್ಕಿಗಳಲ್ಲಿ ಅಮೆರಿಕದ ಅಬ್ರಹಾಂ ನೆಮೆತ್ 1952ರಲ್ಲಿ ಗಣಿತದ ಸಂಕೇತಗಳನ್ನು ಕೊಟ್ಟರು. ‘ಭಿನ್ನರಾಶಿ ಇಲ್ಲಿ ಶುರು, ಇಲ್ಲಿ ಮುಗಿಯಿತು’ ಅಂತ ಅವು ಬೆರಳಿಗೆ ತಿಳಿಸುತ್ತವೆ. ಗಣಿತ ನಿನಗೆ ಬೇಡ ಅಂದವರ ಮಾತು ಕೇಳಿ ನೆಮೆತ್ ಮೊದಲು ಮನಶ್ಶಾಸ್ತ್ರ ಓದಿದ್ದರು! ಪುಣೆಯಲ್ಲಿ ಬೆಳೆದು, 14ನೇ ವಯಸ್ಸಿಗೆ ದೃಷ್ಟಿ ಕಳೆದುಕೊಂಡ ಟಿ.ವಿ. ರಾಮನ್ ಅವರು 1994ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ‘ಆಸ್ಟರ್’ ಎಂಬ ಕಂಪ್ಯೂಟರ್ ವ್ಯವಸ್ಥೆ ರೂಪಿಸಿದರು. ಅದು ಸೂತ್ರವನ್ನು ಓದಿ ಹೇಳುತ್ತದೆ. ತಲೆ ಮೇಲಿನ ಅಂಕಿ ಬಂದಾಗ ಅದರ ದನಿಯೂ ಏರುತ್ತದೆ.

ನಮ್ಮ ದೇಶದ ಹಲವು ಪರೀಕ್ಷಾ ಮಂಡಳಿಗಳು ಇಂಥ ಮಕ್ಕಳಿಗೆ ಗಣಿತದ ಬದಲು ಬೇರೆ ವಿಷಯ ತಗೊಳ್ಳಲು ಬಿಡುತ್ತವೆ. ಪಾಸಾಗಲು ಅನುಕೂಲ, ನಿಜ. ಆದರೆ ಗಣಿತ ಬಿಟ್ಟರೆ ಮುಂದೆ ಇಂಜಿನಿಯರಿಂಗ್, ಭೌತಶಾಸ್ತ್ರದ ಬಾಗಿಲೂ ಮುಚ್ಚುತ್ತದೆ. ಮಗುವಿಗೆ ಅದರ ಅಗತ್ಯಕ್ಕೆ ತಕ್ಕ ಕಲಿಕೆಯ ಅನುಕೂಲ ಕೊಡಬೇಕು ಅಂತ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯೇ ಹೇಳುತ್ತದೆ.

ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಮೇಷ್ಟ್ರುಗಳಿಗೆ, ಟ್ಯೂಷನ್ ಹೇಳುವ ಅಕ್ಕಂದಿರಿಗೆ ನಮ್ಮದೊಂದು ಮಾತು. ಬೋರ್ಡಿನ ಫೋಟೊ ತೆಗೆದು ವಾಟ್ಸಾಪಿಗೆ ಹಾಕಿದರೆ, ಫೋನಿನ ಓದುವ ದನಿಗೆ ಅದು ಹೆಚ್ಚಿನ ಸಲ ಬರೀ ಚಿತ್ರ. ಅದರ ಜೊತೆ ನಿಮ್ಮ ದನಿಯಲ್ಲೂ ಹೇಳಿ ಕಳಿಸಿರಿ: ‘ಬ್ರಾಕೆಟ್ ಶುರು, ಆರು ಕೂಡಿಸು ನಾಲ್ಕು, ಬ್ರಾಕೆಟ್ ಮುಗೀತು, ಭಾಗಿಸು ಎರಡು.’ ಆಗ ಕೇಳಿದ ಮಗು 5 ಅಂತಲೇ ಬರೆಯುತ್ತದೆ.