ಹಸಿರು ಟಿಕ್ ಹಾಕುವವರು

ಕಣ್ಣಿನ ಪೊರೆ ತೆಗೆಸಿಕೊಂಡವರಿಗೆ ಡಾಕ್ಟರ ಮುಂದೆ ಕುಳಿತಾಗ ಪ್ರಶ್ನೆಗಳು ನೆನಪಾಗುವುದಿಲ್ಲ. ಮನೆಗೆ ಬಂದು ರಾತ್ರಿ ಊಟ ಮುಗಿಸಿದ ಮೇಲೆ ಒಂದೊಂದೇ ಏಳುತ್ತವೆ. ತಲೆಗೆ ಸ್ನಾನ ಯಾವಾಗ? ಟಿವಿ ನೋಡಬಹುದೇ? ಬಗ್ಗಿ ಕಸ ಗುಡಿಸಿದರೆ ಏನಾದರೂ ಆದೀತೇ? ಬೆಂಗಳೂರಿನ ಪೂರ್ವಕ್ಕೆ, ಕುಂದಲಹಳ್ಳಿ ಗೇಟಿನ ಹತ್ತಿರವಿರುವ ಶಂಕರ ಕಣ್ಣಿನ ಆಸ್ಪತ್ರೆಯೊಂದಿಗೆ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾ ಸೇರಿ ರೂಪಿಸಿದ ‘ಕ್ಯಾಟರಾಕ್ಟ್‌ಬಾಟ್’ ಇಂಥ ಪ್ರಶ್ನೆಗಳಿಗೆಂದೇ ಹುಟ್ಟಿದ್ದು. ವಾಟ್ಸಾಪಿನಲ್ಲಿ ಕನ್ನಡ, ತಮಿಳು, ತೆಲುಗು, ಹಿಂದಿ, ಇಂಗ್ಲಿಷ್ ಯಾವುದರಲ್ಲಾದರೂ ಕೇಳಬಹುದು. ಬರೆಯಲು ಬಾರದವರು ಮಾತಾಡಿ ಕಳಿಸಬಹುದು. ಆಸ್ಪತ್ರೆಯೇ ಒದಗಿಸಿದ ಮಾಹಿತಿಯನ್ನು ನೋಡಿಕೊಂಡು ಯಂತ್ರ ತಕ್ಷಣ ಉತ್ತರ ಕೊಡುತ್ತದೆ. ಆದರೆ ಆ ಉತ್ತರಕ್ಕೆ ಒಂದು ಪ್ರಶ್ನಾರ್ಥಕ ಚಿಹ್ನೆ ಅಂಟಿರುತ್ತದೆ. ಔಷಧ, ಶಸ್ತ್ರಕ್ರಿಯೆಯ ಮಾತಾದರೆ ವೈದ್ಯರು, ದಿನಾಂಕ, ಖರ್ಚಿನ ಮಾತಾದರೆ ಆಸ್ಪತ್ರೆಯ ಸಂಯೋಜಕರು ಅದನ್ನು ಓದಿ ಒಪ್ಪಿದ ಮೇಲಷ್ಟೇ ಹಸಿರು ಟಿಕ್ ಬೀಳುತ್ತದೆ. ತಪ್ಪಿದ್ದರೆ ತಿದ್ದಿದ ಉತ್ತರ ಹೋಗುತ್ತದೆ, ತಿದ್ದುಪಡಿ ಯಂತ್ರದ ಮಾಹಿತಿ ಕಣಜಕ್ಕೂ ಸೇರುತ್ತದೆ.

2024ರಲ್ಲಿ ಪ್ರಕಟವಾದ ಇದರ ಅಧ್ಯಯನದಲ್ಲಿ ಇದ್ದದ್ದು 49 ರೋಗಿಗಳು ಮತ್ತು ಅವರ ಮನೆಯವರು, ನಾಲ್ವರು ವೈದ್ಯರು, ಇಬ್ಬರು ಸಂಯೋಜಕರು. ಸಣ್ಣ ಸಂಖ್ಯೆ. ಆದರೂ ಬಳಸಿದವರು ಹೇಳಿದ ಒಂದು ಮಾತು ಈ ಕ್ಷೇತ್ರಕ್ಕೇ ದಾರಿ ತೋರುವಂಥದ್ದು: ಬಾಟ್ ಮೇಲೆ ನಂಬಿಕೆ ಹುಟ್ಟಿದ್ದು ತಜ್ಞರು ಪರಿಶೀಲಿಸುತ್ತಾರೆ ಎಂಬ ಕಾರಣಕ್ಕೆ.

ಲಾಭದ ಉದ್ದೇಶವಿಲ್ಲದ ಸಂಸ್ಥೆಗಳು ಜನರೇಟಿವ್ ಎಐಯನ್ನು ಜವಾಬ್ದಾರಿಯಿಂದ ಬಳಸುವುದು ಹೇಗೆ ಎಂಬ ಚರ್ಚೆಗೆ ಬೆಂಗಳೂರಿನ ದಂಡು ಪ್ರದೇಶ ಮತ್ತು ಅದರ ಸುತ್ತಮುತ್ತಲು ತಕ್ಕ ಜಾಗ. ಅಲ್ಲಿನ ರಿಚರ್ಡ್ಸ್ ಟೌನಿನಿಂದ ರೈಲು ಹಳಿ ದಾಟಿದರೆ ಲಿಂಗರಾಜಪುರ, ಎನ್. ಎಸ್. ಹೇಮಾ 1959ರಲ್ಲಿ ಕಟ್ಟಿದ, ಅಂಗವಿಕಲರಿಗಾಗಿ ದುಡಿಯುವ ಎಪಿಡಿ ಸಂಸ್ಥೆ ಅಲ್ಲಿದೆ. ಇತ್ತ ಬೆನ್ಸನ್ ಟೌನಿನಲ್ಲಿ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟ್, ಇಂದಿರಾನಗರದಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ, ಬಾಣಸವಾಡಿಯ ಕಡೆ ಮಕ್ಕಳ ಪುಸ್ತಕಗಳ ಪ್ರಥಮ್ ಬುಕ್ಸ್. ಇವು ಹೆಸರಾದವು. ಇವುಗಳ ನಡುವೆ ನಾಲ್ಕೈದು ಜನ ಸೇರಿ, ಬಾಡಿಗೆ ಮನೆಯ ಒಂದೆರಡು ಕೋಣೆಗಳಲ್ಲಿ ನಡೆಸುವ ಸಂಸ್ಥೆಗಳೂ ಇರುತ್ತವೆ. ಪ್ರಪೋಸಲ್ ಇಂಗ್ಲಿಷಿನಲ್ಲಿ, ಫೀಲ್ಡಿನ ಮಾತು ಕನ್ನಡ, ತಮಿಳು, ದಖ್ಖನಿ ಉರ್ದುವಿನಲ್ಲಿ, ವರದಿಯ ಗಡುವು ನಾಳೆ. ಚಾಟ್‌ಜಿಪಿಟಿಯಂಥ ಸಾಧನದ ಆಸೆ ಮೊದಲು ಹುಟ್ಟುವುದೂ, ಅದರಿಂದ ಆಗುವ ಪೆಟ್ಟು ಹೆಚ್ಚು ನೋಯುವುದೂ ಇಂಥ ಕೋಣೆಗಳಲ್ಲೇ.

ಈ ಕಥೆಯನ್ನು 2022ರ ನವೆಂಬರ್ 30ರಿಂದ, ಅಂದರೆ ಚಾಟ್‌ಜಿಪಿಟಿ ಬಿಡುಗಡೆಯಾದ ದಿನದಿಂದ ಶುರುಮಾಡುವವರೇ ಹೆಚ್ಚು. ಬೆಂಗಳೂರಿನ ಮಟ್ಟಿಗೆ ಅದು ಹಿಂದಿನಿಂದಲೂ ಹರಿದು ಬಂದದ್ದು. 1998ರಲ್ಲಿ ಸುನಿಲ್ ಅಬ್ರಹಾಂ ಕಟ್ಟಿದ ‘ಮಾಹಿತಿ’, ದುಬಾರಿ ಸಾಫ್ಟ್‌ವೇರ್ ಕೊಳ್ಳಲಾಗದ ಸ್ವಯಂಸೇವಾ ಸಂಸ್ಥೆಗಳಿಗೆ ಮುಕ್ತ ತಂತ್ರಾಂಶ ಒದಗಿಸಲು ಹೊರಟಿತು. 2008ರಲ್ಲಿ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ ಬಂದು, ಖಾಸಗಿತನ, ಮುಕ್ತ ಜ್ಞಾನ, ಭಾರತೀಯ ಭಾಷೆಗಳ ವಿಕಿಪೀಡಿಯ ಎಂದು ಕೆಲಸ ಹರಡಿಕೊಂಡಿತು. 2015ರಲ್ಲಿ ಪ್ರಥಮ್ ಬುಕ್ಸ್ ‘ಸ್ಟೋರಿವೀವರ್’ ತೆರೆದು, ಯಾರು ಬೇಕಾದರೂ ಓದಿ, ಅನುವಾದಿಸಿ, ಬದಲಿಸಿ ಬಳಸಬಹುದಾದ ಪರವಾನಗಿಯಲ್ಲಿ ಮಕ್ಕಳ ಕಥೆಗಳನ್ನು ಹಂಚಿತು. ಆಗಿನ ಪ್ರಶ್ನೆ ಬೀಗ ತೆಗೆಯುವುದು ಹೇಗೆ ಎಂಬುದಾಗಿತ್ತು. ಈಗ ಯಾವುದಕ್ಕೆ ಬೀಗ ಹಾಕಬೇಕು ಎಂಬ ಪ್ರಶ್ನೆಯೂ ಅದರ ಪಕ್ಕದಲ್ಲಿ ಬಂದು ನಿಂತಿದೆ.

ಈ ಎಲ್ಲದರ ನಡುವೆ ಹೆಚ್ಚು ಕಲಿಸಿದ ಪ್ರಯೋಗ ಮಾತ್ರ ಕರ್ನಾಟಕದ ಹಳ್ಳಿಗಳದ್ದು. 2005ರಲ್ಲಿ ಬೆಂಗಳೂರಿನಲ್ಲಿ ಮೈಕ್ರೋಸಾಫ್ಟ್ ರಿಸರ್ಚ್ ಶುರುವಾಯಿತು. ಮರುವರ್ಷ ಅಲ್ಲಿಗೆ ಬಂದ ರಿಕಿನ್ ಗಾಂಧಿ, ಗ್ರೀನ್ ಫೌಂಡೇಶನ್ ಎಂಬ ಸ್ವಯಂಸೇವಾ ಸಂಸ್ಥೆಯ ಜೊತೆಗೂಡಿ ‘ಡಿಜಿಟಲ್ ಗ್ರೀನ್’ ಪ್ರಯೋಗಕ್ಕೆ ಇಳಿದರು. ಊರಿನ ರೈತರನ್ನೇ ವಿಡಿಯೊ ಮಾಡಿ ಊರಿನ ರೈತರಿಗೇ ತೋರಿಸುವುದು. ಹದಿನಾರು ಹಳ್ಳಿಗಳ ಪರೀಕ್ಷೆಯಲ್ಲಿ, ಹಳೆಯ ವಿಸ್ತರಣಾ ಪದ್ಧತಿಗಿಂತ ಸುಮಾರು ಏಳು ಪಟ್ಟು ಹೆಚ್ಚು ರೈತರು ಹೊಸ ವಿಧಾನಗಳನ್ನು ಕೈಗೆತ್ತಿಕೊಂಡರು. ಇದು ವಿಡಿಯೊದ ಗೆಲುವು ಎಂದುಕೊಂಡವರು ಅರ್ಧ ಮಾತ್ರ ಸರಿ. ವಿಡಿಯೊ ಹಾಕಿ, ನಡುವೆ ನಿಲ್ಲಿಸಿ, ‘ಅಜೋಲ ಬೆಳೆಸಿದ್ದೀರಾ, ಏನು ತೊಂದರೆ ಬಂತು’ ಎಂದು ಕೇಳುವ ಊರಿನದೇ ಒಬ್ಬ ವ್ಯಕ್ತಿ ಇರಬೇಕಿತ್ತು. ಆ ವ್ಯಕ್ತಿ ಇಲ್ಲದಿದ್ದರೆ ಅದು ಬರೀ ಸಿನಿಮಾ. ಮೈಕ್ರೋಸಾಫ್ಟ್ ರಿಸರ್ಚ್‌ನ ಆ ಪ್ರಯೋಗಾಲಯವನ್ನು ಕಟ್ಟಿದವರಲ್ಲಿ ಒಬ್ಬರಾದ ಕೆಂಟಾರೊ ಟೊಯಾಮ ಮುಂದೆ ಇದನ್ನೇ ಒಂದು ಸಿದ್ಧಾಂತವಾಗಿಸಿದರು: ತಂತ್ರಜ್ಞಾನ ಇರುವ ಸಾಮರ್ಥ್ಯವನ್ನು ಹಿಗ್ಗಿಸುತ್ತದೆ, ಇಲ್ಲದ್ದನ್ನು ತಂದುಕೊಡುವುದಿಲ್ಲ. ಅದೇ ಡಿಜಿಟಲ್ ಗ್ರೀನ್ 2023ರಲ್ಲಿ ‘ಫಾರ್ಮರ್‌ಚಾಟ್’ ಎಂಬ ಎಐ ಸಹಾಯಕನನ್ನು ಹೊರತಂದಿತು. ಅದಕ್ಕೆ ಆಧಾರವಾದದ್ದು ವರ್ಷಗಳಿಂದ ಕೂಡಿಟ್ಟ ರೈತರ ಮಾತು.

2023 ಎಲ್ಲರಿಗೂ ಪಾಠ ಕಲಿಸಿದ ವರ್ಷ. ಅಮೆರಿಕದ ನ್ಯಾಷನಲ್ ಈಟಿಂಗ್ ಡಿಸಾರ್ಡರ್ಸ್ ಅಸೋಸಿಯೇಷನ್ ತನ್ನ ಸಹಾಯವಾಣಿಯ ಮನುಷ್ಯರನ್ನು ಕೈಬಿಡಲು ಹೊರಟು ‘ಟೆಸ್ಸಾ’ ಎಂಬ ಚಾಟ್‌ಬಾಟನ್ನು ಉಳಿಸಿಕೊಂಡಿತು. ಊಟ ಬಿಟ್ಟು ಸೊರಗುವ ಕಾಯಿಲೆಯಿಂದ ನರಳುವವರಿಗೇ ಅದು ತೂಕ ಇಳಿಸುವ ಸಲಹೆ ಕೊಟ್ಟಿತೆಂದು ದೂರು ಬಂದು, ಮೇ ಕೊನೆಯಲ್ಲಿ ಅದನ್ನು ಮುಚ್ಚಬೇಕಾಯಿತು. ಅದೇ ಹೊತ್ತಿಗೆ ಆಮ್ನೆಸ್ಟಿ ಇಂಟರ್‌ನ್ಯಾಷನಲ್, ಕೊಲಂಬಿಯಾದಲ್ಲಿ 2021ರಲ್ಲಿ ನಡೆದ ಪ್ರತಿಭಟನೆಗಳ ಬಗ್ಗೆ ಬರೆಯುವಾಗ ಎಐ ಸೃಷ್ಟಿಸಿದ ಚಿತ್ರಗಳನ್ನು ಹಾಕಿ ಟೀಕೆಗೆ ಗುರಿಯಾಗಿ ಹಿಂತೆಗೆದುಕೊಂಡಿತು. ಪ್ರತಿಭಟನಕಾರರ ಗುರುತು ಕಾಪಾಡಲು ಹಾಗೆ ಮಾಡಿದೆವು ಎಂಬುದು ಅದರ ವಿವರಣೆ.

ಆ ವಿವರಣೆಯನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ನಮ್ಮಲ್ಲಿ 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ರಕ್ಷಣೆಗೆ ಒಳಪಟ್ಟ ಮಗುವಿನ ಗುರುತು ಹೊರಗೆಡಹುವುದನ್ನು ನಿಷೇಧಿಸುತ್ತದೆ. ಶಿವಾಜಿನಗರದಲ್ಲೋ ಕೆ.ಆರ್. ಪುರದಲ್ಲೋ ಅಂಥ ಮಕ್ಕಳೊಂದಿಗೆ ಕೆಲಸ ಮಾಡುವ ಸಂಸ್ಥೆ ತನ್ನ ವಾರ್ಷಿಕ ವರದಿಗೆ ಮುಖ ಮಸುಕಾಗಿಸಿದ ಫೋಟೊ ಹಾಕಬೇಕು, ಇಲ್ಲವೇ ಚಿತ್ರ ಬರೆಸಬೇಕು. ಎಐಗೆ ‘ಬಡ ಭಾರತೀಯ ಮಗು’ ಎಂದರೆ ಕ್ಷಣದಲ್ಲಿ ಚಿತ್ರ ಬರುತ್ತದೆ; ಯಾವ ಕಾನೂನೂ ಮುರಿಯುವುದಿಲ್ಲ. ಅಪಾಯ ಇರುವುದು ಅಲ್ಲಿ ಮೂಡುವ ಮಗುವಿನಲ್ಲಿ. 2023ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್‌ನಲ್ಲಿ ಬಂದ ಒಂದು ಪ್ರಯೋಗದ ವರದಿ ಇದನ್ನು ಚೆನ್ನಾಗಿ ತೋರಿಸಿತು. ಬಿಳಿಯ ಮಕ್ಕಳಿಗೆ ಚಿಕಿತ್ಸೆ ಕೊಡುವ ಆಫ್ರಿಕಾದ ಕರಿಯ ವೈದ್ಯರನ್ನು ಬಿಡಿಸು ಎಂದು ಮತ್ತೆ ಮತ್ತೆ ಕೇಳಿದರೂ, ಯಂತ್ರ ಬಿಡಿಸುತ್ತಿದ್ದದ್ದು ಹೆಚ್ಚಾಗಿ ಕರಿಯ ಮಕ್ಕಳನ್ನೇ. ದಶಕಗಳ ದೇಣಿಗೆ ಜಾಹೀರಾತುಗಳಿಂದ ಅದು ಕಲಿತದ್ದು ಅಷ್ಟೇ. ಮಸುಕಾದ ನಿಜವಾದ ಮುಖವೇ ಹೊಳಪಿನ ಸುಳ್ಳು ಮುಖಕ್ಕಿಂತ ಮರ್ಯಾದೆಯದ್ದು ಎಂದು ಹೇಳಲು ಹಿಂಜರಿಯಬೇಕಿಲ್ಲ.

ಭಾಷೆಯ ಕಡೆಯಿಂದಲೂ ಒಂದು ತೊಡಕಿದೆ. ಎಐ ಮಾದರಿಗಳು ಪದವನ್ನು ಚೂರುಗಳಾಗಿ ಒಡೆದು ಓದುತ್ತವೆ, ಚೂರಿಗಿಷ್ಟು ಎಂದು ದರ. ಇಂಗ್ಲಿಷ್ ಪದ ಒಂದೆರಡು ಚೂರಾದರೆ ಕನ್ನಡ ಪದ ಹತ್ತಾರು ಆಗುತ್ತಿತ್ತು. ಅದೇ ಸಂಗತಿಗೆ ಕನ್ನಡದಲ್ಲಿ ಹಲವು ಪಟ್ಟು ಖರ್ಚು. 2024ರ ಮೇ ತಿಂಗಳಲ್ಲಿ ಚಾಟ್‌ಜಿಪಿಟಿಯ ಓಪನ್‌ಎಐ ಹೊಸ ಮಾದರಿ ತಂದಾಗ, ತೆಲುಗಿನಲ್ಲಿ 3.5 ಪಟ್ಟು, ತಮಿಳಿನಲ್ಲಿ 3.3 ಪಟ್ಟು ಚೂರುಗಳು ಕಡಿಮೆಯಾದವೆಂದು ಉದಾಹರಣೆ ಕೊಟ್ಟಿತು. ಇಪ್ಪತ್ತು ಭಾಷೆಗಳ ಆ ಪಟ್ಟಿಯಲ್ಲಿ ಕನ್ನಡದ ಹೆಸರಿರಲಿಲ್ಲ.

ಇಂಥ ಭಾಷೆಗಳ ದತ್ತಾಂಶದ ಕೊರತೆ ತುಂಬಲು ಹೊರಟವರಲ್ಲಿ ಬೆಂಗಳೂರಿನ ‘ಕಾರ್ಯ’ ಮುಖ್ಯವಾದದ್ದು. ಮೈಕ್ರೋಸಾಫ್ಟ್ ರಿಸರ್ಚ್‌ನ ಒಂದು ಯೋಜನೆಯಾಗಿ ಬೆಳೆದು 2021ರಲ್ಲಿ ಸ್ವತಂತ್ರ ಸಂಸ್ಥೆಯಾದ ಇದು, ಚಾಮರಾಜನಗರ ಜಿಲ್ಲೆಯ ಹಳ್ಳಿಗಳಂಥ ಕಡೆ ಜನರಿಗೆ ಫೋನಿನಲ್ಲಿ ಕನ್ನಡ ವಾಕ್ಯಗಳನ್ನು ಓದಿ ಧ್ವನಿಮುದ್ರಿಸುವ ಕೆಲಸ ಕೊಟ್ಟಿತು. ಗಂಟೆಗೆ ಸುಮಾರು ಐದು ಡಾಲರ್ ಕೂಲಿ ಕೊಡುತ್ತಿತ್ತು. ಆ ದತ್ತಾಂಶ ಮತ್ತೆ ಮಾರಾಟವಾದರೆ ಓದಿದವರಿಗೂ ಪಾಲು. ‘ಜವಾಬ್ದಾರಿ’ ಎಂಬ ಮಾತಿಗೆ ಇಲ್ಲಿ ರೂಪಾಯಿಯ ಲೆಕ್ಕವಿದೆ. 2023ರಲ್ಲೇ ಏಕ್‌ಸ್ಟೆಪ್ ಫೌಂಡೇಶನ್ ಮುಂತಾದವರ ಬೆಂಬಲದ ಓಪನ್‌ನ್ಯಾಯ್, ಐಐಟಿ ಮದ್ರಾಸಿನ ಎಐ4ಭಾರತ್ ಸೇರಿ ‘ಜುಗಲ್‌ಬಂದಿ’ ಬಾಟ್ ತಂದವು. ಸರ್ಕಾರಿ ಯೋಜನೆಗಳನ್ನು ಜನರ ಭಾಷೆಯಲ್ಲಿ ವಿವರಿಸುವ ಅದು ಮೊದಲು ಇಳಿದದ್ದು ಹರಿಯಾಣದ ಒಂದು ಹಳ್ಳಿಗೆ. ಶುರುವಿನಲ್ಲಿ ಅದಕ್ಕೆ ಗೊತ್ತಿದ್ದದ್ದು 171 ಯೋಜನೆ. ದೇಶದಲ್ಲಿರುವುದು ಅಂದಾಜು 20,000.

ಕರ್ನಾಟಕದಲ್ಲಿ ನಡೆದ ದೊಡ್ಡ ಪರೀಕ್ಷೆ ಸರ್ಕಾರಿ ಶಾಲೆಗಳದ್ದು. ಬೆಂಗಳೂರಿನ ಶಿಕ್ಷಣ ಫೌಂಡೇಶನ್ ಜೊತೆ ರೂಪುಗೊಂಡ ‘ಶಿಕ್ಷಾ ಕೋಪೈಲಟ್’ ಕನ್ನಡ ಮತ್ತು ಇಂಗ್ಲಿಷಿನಲ್ಲಿ ಪಾಠಯೋಜನೆ ಬರೆದುಕೊಡುತ್ತದೆ. ಯಂತ್ರ ಬರೆದದ್ದನ್ನು ಮೊದಲು ಅನುಭವಿ ಶಿಕ್ಷಕರ ತಂಡ ತಿದ್ದುತ್ತದೆ, ಆಮೇಲೆ ತರಗತಿಯ ಶಿಕ್ಷಕರು ತಮಗೆ ಬೇಕಾದಂತೆ ಮಾರ್ಪಡಿಸಿಕೊಳ್ಳುತ್ತಾರೆ. 1,043 ಶಿಕ್ಷಕರು ಮತ್ತು 23 ಪರಿಷ್ಕಾರಕರ ಅಧ್ಯಯನ 2025ರಲ್ಲಿ ಹೊರಬಂತು. ಸಿದ್ಧತೆಯ ಸಮಯ ಉಳಿಯಿತು, ದಾಖಲೆ ಬರೆಯುವ ಒತ್ತಡ ಇಳಿಯಿತು, ಪಾಠಗಳು ಚಟುವಟಿಕೆಯ ಕಡೆ ಹೊರಳಿದವು. ಇದರ ಜೊತೆಗೇ ವರದಿ ಮುಚ್ಚಿಡದೆ ಹೇಳಿದ್ದು: ಶಿಕ್ಷಕರ ಕೊರತೆಯಿರುವ ಶಾಲೆಯಲ್ಲಿ ಒಳ್ಳೆಯ ಪಾಠಯೋಜನೆಯಿಂದ ಆಗುವುದಕ್ಕೆ ಮಿತಿಯಿದೆ. ಟೊಯಾಮ ಹೇಳಿದ್ದು ಇಲ್ಲಿ ಮತ್ತೆ ನಿಜವಾಯಿತು.

ಕಾನೂನು ತಡವಾಗಿ ಬಂತು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ ಅಂಕಿತ ಬಿದ್ದದ್ದು 2023ರ ಆಗಸ್ಟಿನಲ್ಲಿ, ನಿಯಮಗಳು ಹೊರಬಿದ್ದದ್ದು 2025ರ ನವೆಂಬರಿನಲ್ಲಿ. ಮುಖ್ಯ ಹೊಣೆಗಳು ಜಾರಿಯಾಗಲು ಅಲ್ಲಿಂದ 18 ತಿಂಗಳ ಕಾಲಾವಕಾಶ. ಹದಿನೆಂಟು ತುಂಬದ ಎಲ್ಲರೂ ಮಕ್ಕಳೇ, ಅವರ ಮಾಹಿತಿ ಬಳಸಲು ಪಾಲಕರ ಖಚಿತ ಒಪ್ಪಿಗೆ ಬೇಕು. ರಕ್ಷಣೆಯಲ್ಲಿ ಲೋಪವಾದರೆ ದಂಡ 250 ಕೋಟಿ ರೂಪಾಯಿವರೆಗೆ. ಕಂಪನಿಗಳನ್ನು ಮನಸ್ಸಿನಲ್ಲಿಟ್ಟು ಬರೆದ ಸಾಲುಗಳಿವು, ಅನ್ವಯ ಮಾತ್ರ ಎರಡು ಕೋಣೆಯ ಸಂಸ್ಥೆಗೂ. ಗಂಡನಿಂದ ಪೆಟ್ಟು ತಿಂದು ಬಂದ ಹೆಂಗಸಿನ ಕೇಸ್ ಶೀಟನ್ನು ಇಂಗ್ಲಿಷಿಗೆ ತಿರುಗಿಸಿಕೊಡು ಎಂದು ಕೌನ್ಸೆಲರ್ ಒಬ್ಬರು ಉಚಿತ ಚಾಟ್‌ಬಾಟಿಗೆ ಅಂಟಿಸಿದ ಕ್ಷಣದಲ್ಲಿ, ಆಕೆಯ ಹೆಸರು, ಬೀದಿ, ಮಕ್ಕಳ ಶಾಲೆ ಎಲ್ಲ ಸಂಸ್ಥೆಯ ಕೈದಾಟಿ ಹೋಗುತ್ತದೆ. ಕೌನ್ಸೆಲರಿಗೆ ಕೆಟ್ಟ ಉದ್ದೇಶವಿಲ್ಲ, ಸಂಜೆಯೊಳಗೆ ವರದಿ ಕಳಿಸಬೇಕಿದೆ. ಹೆಸರು ತೆಗೆದು ಅಂಟಿಸಿ ಎಂಬ ಒಂದು ನಿಯಮ, ಸಂಸ್ಥೆಯೇ ಹಣ ಕೊಟ್ಟು ಪಡೆದ ಒಂದು ಖಾತೆ, ಅರ್ಧ ದಿನದ ತರಬೇತಿ ಇದ್ದರೆ ಈ ಅಪಾಯದ ಬಹುಪಾಲು ಕಳೆಯುತ್ತದೆ.

ಅದಕ್ಕೂ ದುಡ್ಡು ಬೇಕು. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯ ನಂತರ ಅಂಥ ದೇಣಿಗೆಯಲ್ಲಿ ಆಡಳಿತಕ್ಕೆ ಖರ್ಚು ಮಾಡಬಹುದಾದ ಪಾಲು ಶೇ 50ರಿಂದ ಶೇ 20ಕ್ಕೆ ಇಳಿಯಿತು; ಪಡೆದ ದೇಣಿಗೆಯನ್ನು ದೊಡ್ಡ ಸಂಸ್ಥೆ ಸಣ್ಣದಕ್ಕೆ ಹಂಚುವ ದಾರಿಯೂ ಮುಚ್ಚಿತು. ಈ ಇಕ್ಕಟ್ಟಿನಲ್ಲಿ ಪ್ರಾಜೆಕ್ಟ್ ಟೆಕ್4ಡೆವ್‌ನಂಥ ಬಳಗಗಳು ‘ಗ್ಲಿಫಿಕ್’ ಎಂಬ ಮುಕ್ತ ವಾಟ್ಸಾಪ್ ವೇದಿಕೆಯನ್ನು ಹಲವು ಸಂಸ್ಥೆಗಳಿಗೆ ಒಟ್ಟಾಗಿ ಒದಗಿಸುತ್ತಿವೆ. ಸಾಧನದ ಖರ್ಚು ಹೀಗೆ ಹಂಚಿಹೋಗುತ್ತದೆ. ಪರಿಶೀಲಿಸುವವರ ಸಂಬಳವನ್ನು ಹಂಚಿಕೊಳ್ಳಲು ಇಷ್ಟು ಸುಲಭದ ಉಪಾಯವಿಲ್ಲ. ರಾಜಸ್ಥಾನದ ಉದಯಪುರದಲ್ಲಿ ಖುಷಿ ಬೇಬಿ ಸಂಸ್ಥೆಯೊಂದಿಗೆ ಆಶಾ ಕಾರ್ಯಕರ್ತೆಯರಿಗಾಗಿ ನಡೆದ ‘ಆಶಾಬಾಟ್’ ಪ್ರಯೋಗದಲ್ಲಿ, ಯಂತ್ರಕ್ಕೆ ಗೊತ್ತಿಲ್ಲದ ಪ್ರಶ್ನೆ ಎಎನ್‌ಎಂ ದಾದಿಯರ ಫೋನಿಗೆ ಹೋಗುತ್ತದೆ. ಮೊದಲೇ ಕೈತುಂಬ ಕೆಲಸವಿರುವ ದಾದಿಯರು.

ರಿಚರ್ಡ್ಸ್ ಟೌನಿನ ಒಂದು ಸಣ್ಣ ಸಂಸ್ಥೆ ಇಂಥದೇ ಬಾಟ್ ಶುರುಮಾಡಿತು ಎಂದಿಟ್ಟುಕೊಂಡು ಲೆಕ್ಕ ಹಾಕಬಹುದು. ದಿನಕ್ಕೆ 40 ಪ್ರಶ್ನೆ, ಒಂದೊಂದನ್ನು ಓದಿ, ತಿದ್ದಿ, ಹಸಿರು ಟಿಕ್ ಹಾಕಲು ಮೂರು ನಿಮಿಷ: ದಿನಕ್ಕೆ ಎರಡು ತಾಸು, ವಿಷಯ ಬಲ್ಲ ಒಬ್ಬ ಮನುಷ್ಯನ ಎರಡು ತಾಸು. ಕಂಪನಿಗಳ ಸಾಮಾಜಿಕ ಹೊಣೆಯ (ಸಿಎಸ್‌ಆರ್) ಅನುದಾನ ಕೊಡುವವರು ಆ್ಯಪ್‌ಗೆ, ಸರ್ವರ್‌ಗೆ, ಉದ್ಘಾಟನೆಗೆ ಹಣ ಬರೆಯುವ ಪುಟದಲ್ಲೇ ಈ ಎರಡು ತಾಸಿಗೂ ಒಂದು ಸಾಲು ತೆರೆಯಬೇಕು. ಶಂಕರ ಆಸ್ಪತ್ರೆಯಲ್ಲಿ 49 ಜನರ ಬೆನ್ನಿಗೆ ಆರು ಮಂದಿ ನಿಂತಿದ್ದರು.