ಎಂಟಾಣೆಯ ಲೆಕ್ಕ

ಪೀಣ್ಯದಲ್ಲಿ ಸಣ್ಣದೊಂದು ಕಾರ್ಖಾನೆ ನಡೆಸುವ ಸ್ನೇಹಿತರೊಬ್ಬರು ಈಚೆಗೆ ನಮ್ಮ ಮನೆಗೆ ಬಂದಿದ್ದರು. ಕಾಫಿ ಕುಡಿಯುತ್ತ ಕುಳಿತಾಗ ಮಾತು ಕೆಲಸಗಾರರ ಕಡೆಗೆ ತಿರುಗಿತು. “ಇನ್ನು ಮೇಲೆ ಹೆಣ್ಣುಮಕ್ಕಳನ್ನು ತೆಗೆದುಕೊಳ್ಳುವುದೇ ಬೇಡ ಎನ್ನಿಸಿದೆ, ಸಾರ್. ಅವರ ಕೆಲಸವೇನೋ ಬಹಳ ಅಚ್ಚುಕಟ್ಟು. ಆದರೆ ಒಂದೊಂದು ಹೆರಿಗೆಗೂ ಆರು ತಿಂಗಳ ಸಂಬಳ ನಾನೇ ಕೊಡಬೇಕೆಂದರೆ ಎಲ್ಲಿಂದ ತರಲಿ?” ಎಂದರು.

ಅವರು ಕಠಿಣ ಹೃದಯದವರಲ್ಲ. ಕೆಲಸಗಾರರ ಮನೆಯ ಮದುವೆ ಮುಂಜಿಗಳಿಗೆ ತಪ್ಪದೆ ಹೋಗಿ ಮುಯ್ಯಿ ಕೊಟ್ಟು ಬರುವವರು. ಆದುದರಿಂದ ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಈ ಮಾತನ್ನು ಹಿಂದೆ ಎಲ್ಲಿಯೋ ಓದಿದ್ದೇನಲ್ಲ ಎನ್ನಿಸಿತು, ಅಷ್ಟೆ. ಅವರು ಹೋದ ಮೇಲೆ ಹಳೆಯ ಪುಸ್ತಕಗಳನ್ನು ತಿರುವಿ ನೋಡಿದೆ. ಸುಮಾರು ನೂರು ವರ್ಷಗಳ ಕೆಳಗೆ ಮುಂಬಯಿಯ ಗಿರಣಿ ಮಾಲೀಕರು ಆಡಿದ್ದ ಮಾತು ಅದು. ಆ ಮಾತಿಗೆ ಒಂದು ಚರಿತ್ರೆಯಿದೆ.

1920ರ ದಶಕದಲ್ಲಿ ಮುಂಬಯಿಯ ಹತ್ತಿ ಗಿರಣಿಗಳ ಕೆಲಸಗಾರರಲ್ಲಿ ಸುಮಾರು ಐವರಿಗೊಬ್ಬರು ಹೆಂಗಸರು. ನೂಲನ್ನು ಸುತ್ತುವುದು, ಲಡಿ ಮಾಡುವುದು ಅವರ ಪಾಲಿನ ಕೆಲಸ. ಮಾಡಿದಷ್ಟಕ್ಕೆ ಕೂಲಿ, ಕೈ ನಿಂತರೆ ಕೂಲಿಯೂ ನಿಂತಿತು. ಆದುದರಿಂದ ದಿನ ತುಂಬಿದ ಬಸುರಿಯೂ ಯಂತ್ರದ ಮುಂದೆ ನಿಲ್ಲುತ್ತಿದ್ದಳು, ಹಸಿ ಬಾಣಂತಿಯೂ ಬಂದು ನಿಲ್ಲುತ್ತಿದ್ದಳು. 1922ರಲ್ಲಿ ಡಾ. ಬಾರ್ನ್ಸ್ ಎಂಬ ವೈದ್ಯೆ ಮುಂಬಯಿ ಸರಕಾರದ ಪರವಾಗಿ ಈ ಹೆಂಗಸರ ಸ್ಥಿತಿಗತಿಗಳನ್ನು ವಿಚಾರಿಸಿದರು. ಒಂದೇ ಕೋಣೆಯ ಚಾಳುಗಳಲ್ಲಿ ಅವರು ಕಂಡುದರಲ್ಲಿ ಎಲ್ಲಕ್ಕಿಂತ ಮನಕಲಕುವ ಸಂಗತಿಯೊಂದಿತ್ತು. ಗಿರಣಿಗೆ ಹೋಗುವ ತಾಯಂದಿರಲ್ಲಿ ಬಹುತೇಕ ಎಲ್ಲರೂ ಕೂಸಿಗೆ ಅಫೀಮು ತಿನ್ನಿಸುತ್ತಿದ್ದರು. ತಾಯಿ ಸಂಜೆ ಹಿಂತಿರುಗುವವರೆಗೆ ಮಗು ಅಳದೆ ಮಲಗಿರಬೇಕಲ್ಲ! ತಾಯಿಗೆ ಕರುಳಿಲ್ಲವೆಂದಲ್ಲ, ಮನೆಯಲ್ಲಿ ಬೇರೆ ಕೈ ಇರಲಿಲ್ಲ.

1921ರಲ್ಲಿ ಮುಂಬಯಿಯ ಶಿಶುಮರಣ ಸಾವಿರಕ್ಕೆ ಆರುನೂರನ್ನೂ ಮೀರಿತ್ತೆಂದು ದಾಖಲೆ ಹೇಳುತ್ತದೆ. ಈ ಅಂಕಿಯನ್ನು ಎಚ್ಚರದಿಂದ ಓದಬೇಕು. ಅನೇಕರು ಹೆರಿಗೆಗೆ ಊರಿಗೆ ಹೋಗುತ್ತಿದ್ದುದರಿಂದ ಆ ಜನನಗಳು ಪಟ್ಟಣದ ಲೆಕ್ಕಕ್ಕೆ ಬರಲಿಲ್ಲ; ಕೂಸಿನೊಡನೆ ಹಿಂತಿರುಗಿದ ಮೇಲೆ ಆದ ಮರಣಗಳು ಬಂದವು. ಆದರೂ ಉಳಿದ ನಿಜ ಸಣ್ಣದಲ್ಲ.

ಇದಕ್ಕೆ ಪರಿಹಾರ ಯಾರಿಗೂ ಹೊಳೆದಿರಲಿಲ್ಲವೆ? ಹೊಳೆದಿತ್ತು. 1919ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ ಮೊದಲನೆಯ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನವು ಹೆರಿಗೆಯ ಮುಂಚೆಯೂ ಆಮೇಲೂ ದುಡಿಯುವ ತಾಯಿಗೆ ವಿಶ್ರಾಂತಿಯೂ ಜೀವನಕ್ಕೆ ಸಾಲುವಷ್ಟು ಹಣವೂ ಸಿಗಬೇಕೆಂದು ಒಪ್ಪಂದ ಮಾಡಿತು. ಆ ಹಣ ಎಲ್ಲಿಂದ ಬರಬೇಕೆಂಬುದನ್ನೂ ಹೇಳಿತು: ಸಾರ್ವಜನಿಕ ನಿಧಿಯಿಂದ, ಇಲ್ಲವೆ ವಿಮೆಯಿಂದ. ಒಬ್ಬೊಬ್ಬ ಮಾಲೀಕನ ಜೇಬಿನಿಂದ ಎಂದು ಅದು ಹೇಳಲಿಲ್ಲ. ಈ ಸಣ್ಣ ಅಂಶವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಭಾರತದಲ್ಲಿ ಕಾರ್ಮಿಕ ಮುಂದಾಳು ಎನ್. ಎಂ. ಜೋಶಿಯವರು 1924ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ಮಂಡಿಸಿದ ಹೆರಿಗೆ ಸವಲತ್ತಿನ ಮಸೂದೆ ಬಿದ್ದುಹೋಯಿತು. 1928ರಲ್ಲಿ ಅಂಥದೇ ಮಸೂದೆ ಮುಂಬಯಿ ಶಾಸನಸಭೆಗೆ ಬಂದಾಗ ಡಾ. ಅಂಬೇಡ್ಕರರು ಅದರ ಪರವಾಗಿ ಮಾತನಾಡಿದರು. ತಾಯಿಗೆ ವಿಶ್ರಾಂತಿ ಸಿಗುವುದು ರಾಷ್ಟ್ರದ ಹಿತ. ಆದುದರಿಂದ ಅದರ ಭಾರವನ್ನು ಹೆಚ್ಚಾಗಿ ಸರಕಾರವೇ ಹೊರಬೇಕು ಎಂಬುದನ್ನು ಅವರು ಒಪ್ಪಿಕೊಂಡರು. ಆದರೆ ಹೆಂಗಸರನ್ನು ಕೆಲಸಕ್ಕಿಟ್ಟುಕೊಂಡು ಲಾಭ ಪಡೆಯುವ ಮಾಲೀಕನೂ ತನ್ನ ಹೊಣೆಯಿಂದ ಜಾರಿಕೊಳ್ಳುವಂತಿಲ್ಲವೆಂದು ವಾದಿಸಿದರು.

1929ರಲ್ಲಿ ಕಾಯಿದೆಯಾಯಿತು. ದಿನಕ್ಕೆ ಎಂಟಾಣೆ. ಏಳೆಂಟು ವಾರಗಳಿಗೆ ಗುಣಿಸಿದರೆ ಒಂದು ಹೆರಿಗೆಗೆ ಇಪ್ಪತ್ತೈದು ರೂಪಾಯಿಯ ಆಸುಪಾಸು. ಇಂದು ನಗು ಬರಿಸುವ ಮೊತ್ತ. ಅಂದು ಆ ಚಾಳಿನಲ್ಲಿ ಅದು ಕೂಸಿನ ಪ್ರಾಣ. ಬೇರೆ ಪ್ರಾಂತಗಳೂ ಈ ದಾರಿ ಹಿಡಿದವು. ಮದ್ರಾಸಿನ ಕಾಯಿದೆ 1934ರದು. ಮಂಗಳೂರೂ ಬಳ್ಳಾರಿಯೂ ಆಗ ಮದ್ರಾಸಿಗೆ ಸೇರಿದ್ದವು.

ಆದರೆ ಮುಂಬಯಿಯ ಕಾಯಿದೆಯಲ್ಲಿ ವಾಷಿಂಗ್ಟನ್ನಿನ ಆ ಸಣ್ಣ ಅಂಶ ಇರಲಿಲ್ಲ. ಎಂಟಾಣೆಯನ್ನು ಕೊಡಬೇಕಾದವನು ಆಕೆಯ ಮಾಲೀಕ, ಅವನೊಬ್ಬನೇ. ಮಾಲೀಕನ ಲೆಕ್ಕ ಸರಳವಾಯಿತು: ಹೆಂಗಸಿದ್ದರೆ ಖರ್ಚು, ಗಂಡಸಿದ್ದರೆ ಇಲ್ಲ. ಸ್ವಾತಂತ್ರ್ಯ ಬರುವ ಹೊತ್ತಿಗೆ ಆ ಗಿರಣಿಗಳಲ್ಲಿ ಹೆಂಗಸರು ಸುಮಾರು ಹತ್ತರಲ್ಲಿ ಒಬ್ಬರಾಗಿದ್ದರು. ಇದಕ್ಕೆಲ್ಲ ಎಂಟಾಣೆಯೊಂದೇ ಕಾರಣವೆಂದರೆ ತಪ್ಪಾದೀತು. ನೂಲು ಸುತ್ತಲು ಹೊಸ ಯಂತ್ರಗಳು ಬಂದವು. ರಾತ್ರಿ ಪಾಳಿ ಬೆಳೆಯಿತು, ಹೆಂಗಸರಿಗೆ ರಾತ್ರಿ ಕೆಲಸ ಕಾನೂನಿನಲ್ಲಿ ನಿಷಿದ್ಧವಾಗಿತ್ತು. ಆದರೆ ಯಾರನ್ನು ಬಿಡಿಸಬೇಕೆಂದು ಯೋಚಿಸುವ ಮಾಲೀಕನ ತಕ್ಕಡಿಯಲ್ಲಿ ಆ ಎಂಟಾಣೆಯೂ ಒಂದು ತೂಕವಾಯಿತು. ರಕ್ಷಣೆಗೆಂದು ಕೊಟ್ಟದ್ದೇ ಕೆಲಸಕ್ಕೆ ಮುಳುವಾಗುವುದೆಂದರೆ ಹೀಗೆ.

ದಾರಿ ತಪ್ಪಿದ್ದನ್ನು ತಿದ್ದುವ ಪ್ರಯತ್ನ ಎರಡನೆಯ ಮಹಾಯುದ್ಧದ ಕಾಲದಲ್ಲಿ ನಡೆಯಿತು. 1942ರಿಂದ 1946ರವರೆಗೆ ವೈಸರಾಯರ ಮಂಡಲಿಯಲ್ಲಿ ಕಾರ್ಮಿಕ ಖಾತೆ ಅಂಬೇಡ್ಕರರ ಕೈಯಲ್ಲಿತ್ತು. ಆ ಅವಧಿಯಲ್ಲಿಯೇ, 1944ರಲ್ಲಿ, ಪ್ರೊ. ಅಡಾರ್ಕರರು ಕಾರ್ಮಿಕರ ಆರೋಗ್ಯ ವಿಮೆಯ ಬಗ್ಗೆ ತಮ್ಮ ವರದಿಯನ್ನು ಒಪ್ಪಿಸಿದರು. ಅದರಿಂದ ಬೆಳೆದದ್ದು 1948ರ ನೌಕರರ ರಾಜ್ಯ ವಿಮಾ ಕಾಯಿದೆ, ನಾವೆಲ್ಲ ಇ.ಎಸ್.ಐ. ಎನ್ನುವುದು ಇದನ್ನೇ. 1952ರ ಫೆಬ್ರವರಿ 24ರಂದು ಕಾನಪುರ, ದೆಹಲಿಗಳಲ್ಲಿ ಯೋಜನೆ ಆರಂಭವಾಯಿತು.

ಇದರ ಜಾಣತನ ಇರುವುದು ಹಣ ಕೂಡುವ ಕ್ರಮದಲ್ಲಿ. ಮಾಲೀಕನು ತನ್ನ ಕೆಲಸಗಾರರೆಲ್ಲರ ಸಂಬಳದ ಮೇಲೆ ಇಂತಿಷ್ಟು ಪಾಲು ಕಟ್ಟುತ್ತಾನೆ, ಕೆಲಸಗಾರರೂ ಸ್ವಲ್ಪ ಕಟ್ಟುತ್ತಾರೆ. 2019ರ ಜುಲೈಯಿಂದ ಮಾಲೀಕನ ಪಾಲು ನೂರಕ್ಕೆ 3.25, ಕೆಲಸಗಾರರದು 0.75 ಎಂದು ಗೊತ್ತಾಯಿತು. ಗಂಡಾಳಿಗೂ ಅಷ್ಟೇ, ಹೆಣ್ಣಾಳಿಗೂ ಅಷ್ಟೇ. ಹೆರಿಗೆಯ ಹಣವನ್ನು ನಿಧಿ ಕೊಡುತ್ತದೆ. ಹೆಂಗಸನ್ನು ಕೆಲಸದಿಂದ ತೆಗೆದರೆ ಮಾಲೀಕನಿಗೆ ಬಿಡಿಗಾಸಿನ ಉಳಿತಾಯವೂ ಇಲ್ಲ.

ಆದರೆ ಇ.ಎಸ್.ಐ. ಎಲ್ಲರನ್ನೂ ಮುಟ್ಟಲಿಲ್ಲ. ಅದರ ಸಂಬಳದ ಮಿತಿ 2017ರಲ್ಲಿ ತಿಂಗಳಿಗೆ 21,000 ರೂಪಾಯಿಗೆ ಏರಿತು. ಆ ಮಿತಿಗೆ ಮೇಲ್ಪಟ್ಟವರಿಗೆ 1961ರ ಹೆರಿಗೆ ಸವಲತ್ತು ಕಾಯಿದೆ ಅನ್ವಯವಾಯಿತು. ಅದರಲ್ಲಿ ಮತ್ತೆ ಹಳೆಯ ಮುಂಬಯಿಯ ಕ್ರಮವೇ, ಕೊಡುವವನು ಮಾಲೀಕನೊಬ್ಬನೇ. 2017ರಲ್ಲಿ ರಜೆ 12 ವಾರಗಳಿಂದ 26 ವಾರಗಳಿಗೆ ಏರಿದಾಗ ಹೊರೆಯೂ ಏರಿತು. ಹಳೆಯ ಗೊಣಗಾಟ ಮತ್ತೆ ಕೇಳಿಸಿತು. 2018ರಲ್ಲಿ ಕೇಂದ್ರ ಸರಕಾರವು ಏಳು ವಾರಗಳ ಸಂಬಳವನ್ನು ಮಾಲೀಕರಿಗೆ ತುಂಬಿಕೊಡುವ ಯೋಜನೆಯೊಂದನ್ನು ಯೋಚಿಸುತ್ತಿರುವುದಾಗಿ ಹೇಳಿದ್ದೇ, ಆ ಗೊಣಗಾಟದಲ್ಲಿ ಹುರುಳಿತ್ತೆಂಬುದಕ್ಕೆ ಸಾಕ್ಷಿ.

ಅದೇ 2017ರ ತಿದ್ದುಪಡಿಯಲ್ಲಿ ಒಂದು ವಿವೇಕದ ಮಾತೂ ಇತ್ತು. 1948ರ ಕಾರ್ಖಾನೆ ಕಾಯಿದೆಯು ಶಿಶುವಿಹಾರ ಬೇಕೋ ಬೇಡವೋ ಎಂಬುದನ್ನು ಹೆಂಗಸರ ತಲೆ ಎಣಿಸಿ ತೀರ್ಮಾನಿಸುತ್ತಿತ್ತು. ಹೊಸ ತಿದ್ದುಪಡಿ ಗಂಡಸರು ಹೆಂಗಸರು ಎನ್ನದೆ 50 ನೌಕರರಿದ್ದರೆ ಶಿಶುವಿಹಾರ ಇರಬೇಕೆಂದಿತು. ಹೆಂಗಸರ ಸಂಖ್ಯೆ ಕಡಿಮೆ ಮಾಡಿ ತಪ್ಪಿಸಿಕೊಳ್ಳುವ ಬಾಗಿಲು ಅಷ್ಟರಮಟ್ಟಿಗೆ ಮುಚ್ಚಿತು. ಕೂಸು ತಾಯಿಯದಷ್ಟೇ ಅಲ್ಲ, ತಂದೆಯದೂ ಹೌದಲ್ಲ!

ಇಷ್ಟೆಲ್ಲ ಕಾನೂನಿನ ಮಾತಾಯಿತು. ವ್ಯಾಪಾರಸ್ಥರು ಕೇಳುವ ಪ್ರಶ್ನೆ ಬೇರೆ: “ಇದರಿಂದ ನನಗೇನು?” ಅದಕ್ಕೂ ನಮ್ಮ ಬೆಂಗಳೂರಿನಲ್ಲಿಯೇ ಉತ್ತರವಿದೆ. ಅರ್ಥಶಾಸ್ತ್ರಜ್ಞ ಅಚ್ಯುತ ಅಧ್ವರ್ಯು ಮತ್ತು ಅವರ ಸಂಗಡಿಗರು ಇಲ್ಲಿನ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಅಧ್ಯಯನ ನಡೆಸಿದರು. ಕಡಮೆ ಶಾಖದ ಎಲ್.ಇ.ಡಿ. ದೀಪಗಳನ್ನು ಹಾಕಿದ ಮೇಲೆ ಬಿಸಿಲಿನ ದಿನಗಳಲ್ಲಿ ಉತ್ಪಾದನೆ ಕುಸಿಯುವುದು ಬಹುಮಟ್ಟಿಗೆ ತಪ್ಪಿತು. ವಿದ್ಯುತ್ತು ಉಳಿಸಲೆಂದು ಹಾಕಿದ ದೀಪ ಹೊಲಿಯುವವರ ಮೈಯನ್ನೂ ಕಾಯಿತು, ಮಾಲೀಕನ ಲಾಭವನ್ನೂ ಕಾಯಿತು. ಇನ್ನೊಂದು ಅಧ್ಯಯನದಲ್ಲಿ ಹೆಣ್ಣುಮಕ್ಕಳಿಗೆ ಮಾತುಕತೆ, ಸಮಯದ ಬಳಕೆ, ಹಣದ ಹಿಡಿತ, ಆರೋಗ್ಯ ಇಂಥ ವಿಷಯಗಳಲ್ಲಿ ತರಬೇತಿ ಕೊಡಲಾಯಿತು. ಅವರ ಕೆಲಸ ಸುಧಾರಿಸಿತು. ಅವರ ಸಾಲಿನಲ್ಲಿ ಕುಳಿತ, ತರಬೇತಿಯಿಲ್ಲದವರ ಕೆಲಸವೂ ಸುಧಾರಿಸಿತು. ವರ್ಷ ತುಂಬುವುದರೊಳಗೆ ಹಾಕಿದ ಹಣ ಎರಡು ಪಟ್ಟಿಗೂ ಮಿಕ್ಕಿ ಹಿಂತಿರುಗಿತು. ಆದರೆ ಅದೇ ಅಧ್ಯಯನ ಹೇಳುವ ಇನ್ನೊಂದು ಮಾತನ್ನು ಮುಚ್ಚಿಡಬಾರದು. ಆ ಹೆಣ್ಣುಮಕ್ಕಳ ಸಂಬಳ ಏರಿದ್ದು ಅತ್ಯಲ್ಪ.

ಈ ಹೆಣ್ಣುಮಕ್ಕಳು ತಮ್ಮ ದುಡ್ಡಿನ ಲೆಕ್ಕವನ್ನು ತಿಳಿಯದವರಲ್ಲ. 2016ರ ಏಪ್ರಿಲಿನಲ್ಲಿ, ಭವಿಷ್ಯನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷವಾಗುವವರೆಗೆ ತೆಗೆಯುವಂತಿಲ್ಲವೆಂಬ ನಿಯಮ ಬಂದಾಗ, ಸಾವಿರಾರು ಮಂದಿ ಬೆಂಗಳೂರಿನ ಹೆದ್ದಾರಿಗಳಿಗೆ ಇಳಿದರು. ಎರಡು ದಿನಗಳಲ್ಲಿ ಕೇಂದ್ರ ಸರಕಾರ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ಮಗಳ ಮದುವೆಗೋ ಕಾಯಿಲೆಗೋ ಆಗಬೇಕಾದ ತಮ್ಮ ಗಂಟಿನ ಬೆಲೆ ಅವರಿಗೆ ಗೊತ್ತಿತ್ತು.

ಮುಂಬಯಿಯ ಆ ಗಿರಣಿಗಳು ಈಗ ಬಹುಪಾಲು ಇಲ್ಲ. ಹಳೆಯ ಯಂತ್ರಗಳು, ಹೊಸ ಪೈಪೋಟಿ, 1982ರಲ್ಲಿ ಆರಂಭವಾದ ದೀರ್ಘ ಮುಷ್ಕರ, ನೆಲಕ್ಕೆ ಬಂದ ಬೆಲೆ – ಕಾರಣಗಳನ್ನು ಹಲವರು ಬರೆದಿದ್ದಾರೆ. ಆ ಪಟ್ಟಿಯಲ್ಲಿ ಬಾಣಂತಿಯ ಎಂಟಾಣೆಯನ್ನು ನಾನೆಲ್ಲಿಯೂ ಕಂಡಿಲ್ಲ.

ಸ್ನೇಹಿತರಿಗೆ ಫೋನು ಮಾಡಿ ಇದನ್ನೆಲ್ಲ ಹೇಳಿದೆ. ನಿಮ್ಮಲ್ಲಿ ಯಂತ್ರದ ಮುಂದೆ ಕೂರುವ ಹೆಣ್ಣುಮಕ್ಕಳಿಗೆ ಯಾವ ವಿಮೆಯಿದೆ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಎಲ್ಲರೂ ಇ.ಎಸ್.ಐ.ನಲ್ಲೇ ಇದ್ದಾರೆ. ನಾನು ಕೈಯಿಂದ ಕೊಡಬೇಕಾದದ್ದು ಆಫೀಸಿನ ಇಬ್ಬರಿಗೆ ಮಾತ್ರ” ಎಂದರು. ಆ ಇಬ್ಬರ ಲೆಕ್ಕಕ್ಕಾಗಿ ಎಲ್ಲ ಹೆಣ್ಣುಮಕ್ಕಳ ಮುಂದೆ ಬಾಗಿಲು ಹಾಕಲು ಹೊರಟಿದ್ದರು, ಪಾಪ! ಆ ಇಬ್ಬರ ಹೊರೆಯನ್ನೂ ಎಲ್ಲರೂ ಕೂಡಿ ಹೊರುವ ದಾರಿಯನ್ನು 1919ರಲ್ಲಿಯೇ ಬರೆದಿಟ್ಟಿದ್ದಾರೆ. ಅದನ್ನು ಸರಕಾರದ ಮುಂದಿಟ್ಟು ಕೇಳುವ ಕೆಲಸವನ್ನು ಅವರಂಥ ಮಾಲೀಕರೇ ಮಾಡಿದರೆ ಲೇಸು.