ಏಳು ಮಂದಿ ಶಿಕ್ಷಕರು ಕಟ್ಟಿದ ಶಾಲೆ

ನಮ್ಮ ಖಾಸಬಾಗದ ಮಕ್ಕಳಿಗೆ ಮೂರು ಭಾಷೆಗಳು ಹೊಸತೇನಲ್ಲ. ಮನೆಯಲ್ಲಿ ಉರ್ದು ಆಡುವ ಮಗು ಓಣಿಯಲ್ಲಿ ನೇಕಾರರ ಮಕ್ಕಳೊಡನೆ ಕನ್ನಡ ಮಾತಾಡುತ್ತದೆ, ರವಿವಾರದ ಸಂತೆಯಲ್ಲಿ ಮರಾಠಿಯಲ್ಲಿ ಚೌಕಾಸಿ ಮಾಡುತ್ತದೆ. ಆದರೆ ಆಡುವುದು ಬೇರೆ, ಓದಿ ಬರೆಯುವುದು ಬೇರೆ. ಶಾಲೆಯ ಆಸರೆ ಇಲ್ಲದ ಭಾಷೆ ಅಡುಗೆಮನೆಯಲ್ಲಿಯೇ ಉಳಿದುಬಿಡುತ್ತದೆ. ಈ ಸತ್ಯವನ್ನು ನಮ್ಮ ಊರಿನಲ್ಲಿಯೇ ನೂರು ವರ್ಷಗಳ ಹಿಂದೆ ಕೆಲವು ಶಿಕ್ಷಕರು ಮನಗಂಡಿದ್ದರು. ಅವರ ಕಥೆಯನ್ನು ವಿದ್ಯಾರ್ಥಿಗಳು ತಿಳಿದಿರಬೇಕು.

ಆಗ ಬೆಳಗಾವಿ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಜಿಲ್ಲೆಯಲ್ಲಿ ಕನ್ನಡಿಗರು ಬಹುಸಂಖ್ಯೆಯಲ್ಲಿದ್ದರೂ ಕಚೇರಿ ಮತ್ತು ಶಾಲೆಗಳಲ್ಲಿ ಮರಾಠಿಯ ಪ್ರಭಾವವೇ ಹೆಚ್ಚಾಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಶಿಕ್ಷಣ ಇಲಾಖೆಯಲ್ಲಿದ್ದ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ದುಡಿದರು. 1881ರಲ್ಲಿ ಅವರು ತೀರಿಕೊಂಡರು. 1890ರಲ್ಲಿ ಧಾರವಾಡದಲ್ಲಿ ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಅದಕ್ಕೂ ಮೊದಲೇ, 1883ರಲ್ಲಿ, ಗಿಲಗಂಚಿ ಗುರುಸಿದ್ದಪ್ಪ ಮತ್ತು ಅರಟಾಳ ರುದ್ರಗೌಡರು ಬಡ ವಿದ್ಯಾರ್ಥಿಗಳ ನೆರವಿಗೆಂದು ಧಾರವಾಡದಲ್ಲಿ ಲಿಂಗಾಯತ ಶಿಕ್ಷಣ ನಿಧಿಯನ್ನು ಕೂಡಿಸಿದ್ದರು.

ಈ ಹಿನ್ನೆಲೆಯಲ್ಲಿ 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಒಂದು ಆಂಗ್ಲೋ ವರ್ನಾಕ್ಯುಲರ್ ಶಾಲೆ ಆರಂಭವಾಯಿತು. ಅಂದರೆ ಇಂಗ್ಲಿಷಿನ ಜೊತೆಗೆ ನಾಡಭಾಷೆಯನ್ನೂ ಕಲಿಸುವ ಶಾಲೆ. ಅದನ್ನು ಆರಂಭಿಸಿದವರು ಶ್ರೀಮಂತರಲ್ಲ, ಏಳು ಮಂದಿ ತರುಣ ಶಿಕ್ಷಕರು: ಎಸ್. ಎಸ್. ಬಸವನಾಳ, ಎಂ. ಆರ್. ಸಾಖರೆ, ಬಿ. ಬಿ. ಮಮದಾಪುರ, ಬಿ. ಎಸ್. ಹಂಚಿನಾಳ, ಪಿ. ಆರ್. ಚಿಕ್ಕೋಡಿ, ಎಚ್. ಎಫ್. ಕಟ್ಟಿಮನಿ ಮತ್ತು ವಿ. ವಿ. ಪಾಟೀಲ. ಜನ ಇವರನ್ನು ಪ್ರೀತಿಯಿಂದ ಸಪ್ತರ್ಷಿಗಳೆಂದು ಕರೆದರು. ಇದೇ ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸೊಸೈಟಿಯ, ಅಂದರೆ ಇಂದಿನ ಕೆ.ಎಲ್.ಇ. ಸಂಸ್ಥೆಯ ಮೂಲ. ಹಿರಿಯರಿಬ್ಬರ ಸ್ಮರಣೆಗಾಗಿ ಶಾಲೆಗೆ ಗಿಲಗಂಚಿ ಅರಟಾಳ ಹೈಸ್ಕೂಲ್ ಎಂಬ ಹೆಸರು ಬಂದಿತು.

ಸಂಸ್ಥೆ ಉಳಿದದ್ದು ಎರಡು ಬಲಗಳಿಂದ. ಒಂದು, ಶಿಕ್ಷಕರ ತ್ಯಾಗ. ಅವರು ಆಜೀವ ಸದಸ್ಯರಾಗಿ ದುಡಿಮೆಯನ್ನೆಲ್ಲ ಸಂಸ್ಥೆಗೇ ಮುಡಿಪಿಟ್ಟರು. 1884ರಲ್ಲಿ ಸ್ಥಾಪನೆಯಾದ ಪುಣೆಯ ಡೆಕ್ಕನ್ ಎಜ್ಯುಕೇಶನ್ ಸೊಸೈಟಿಯಲ್ಲಿ ಈ ಪದ್ಧತಿ ಮೊದಲೇ ಇತ್ತು. ನೆರೆಯ ಭಾಷೆಯವರ ಒಳ್ಳೆಯ ಪದ್ಧತಿ ನಮಗೂ ಒಗ್ಗುತ್ತದೆ ಎಂಬುದಕ್ಕೆ ಇದೇ ಸಾಕ್ಷಿ. ಇನ್ನೊಂದು, ಸಮಾಜದ ದಾನ. 1906ರಲ್ಲಿ ನಿಧನರಾದ ಶಿರಸಂಗಿ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯೆಗಾಗಿ ಬರೆದಿಟ್ಟಿದ್ದರು. 1933ರಲ್ಲಿ ಬೆಳಗಾವಿಯಲ್ಲಿ ಆರಂಭವಾದ ಲಿಂಗರಾಜ ಕಾಲೇಜು ಅವರ ಹೆಸರನ್ನೇ ಹೊತ್ತಿದೆ. ವಂಟಮುರಿಯ ರಾಜಾ ಲಖಮಗೌಡರೂ ಉದಾರವಾಗಿ ನೀಡಿದರು.

ಶಾಲೆ ಕಟ್ಟಿದವರು ಭಾಷೆಯನ್ನೂ ಕಟ್ಟಿದರು. ವಚನ ಸಾಹಿತ್ಯದ ವಿದ್ವಾಂಸರಾದ ಬಸವನಾಳರು 1944ರಲ್ಲಿ ರಬಕವಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಇಂದು ಕೆ.ಎಲ್.ಇ.ಗೆ ವೈದ್ಯಕೀಯ, ಎಂಜಿನಿಯರಿಂಗ್ ಸೇರಿದಂತೆ ನೂರಾರು ಸಂಸ್ಥೆಗಳಿವೆ, ಎಲ್ಲ ಸಮಾಜಗಳ ಮಕ್ಕಳೂ ಅಲ್ಲಿ ಓದುತ್ತಾರೆ. ಆದರೆ ಕಟ್ಟಡಗಳು ಬೆಳೆದ ಮಾತ್ರಕ್ಕೆ ಭಾಷೆ ಬೆಳೆಯುವುದಿಲ್ಲ. ಇಂಗ್ಲಿಷ್ ಮಾಧ್ಯಮದ ಇಂದಿನ ದಿನಗಳಲ್ಲಿ ಕನ್ನಡ ಶಾಲೆ, ಉರ್ದು ಶಾಲೆ ಎರಡರ ಮುಂದೆಯೂ ಅದೇ ಹಳೆಯ ಪ್ರಶ್ನೆ ನಿಂತಿದೆ.

ಈ ಪ್ರಶ್ನೆ ನಮ್ಮದಷ್ಟೇ ಅಲ್ಲ. ಅಮೆರಿಕದ ಮೂಲನಿವಾಸಿಗಳಾದ ಒಜಿಬ್ವೆ ಜನರ ಮಕ್ಕಳನ್ನು ಹಿಂದೆ ವಸತಿ ಶಾಲೆಗಳಿಗೆ ಒಯ್ದು, ತಾಯಿಮಾತು ಆಡಿದರೆ ಶಿಕ್ಷಿಸಲಾಗುತ್ತಿತ್ತು. ಅದೇ ಜನ 2000ದ ಸುಮಾರಿಗೆ ವಿಸ್ಕಾನ್ಸಿನ್ ರಾಜ್ಯದಲ್ಲಿ ಪಾಠವನ್ನೆಲ್ಲ ಒಜಿಬ್ವೆಯಲ್ಲಿಯೇ ಕಲಿಸುವ ಶಾಲೆಯೊಂದನ್ನು ತೆರೆದರು. ಅದರ ಹೆಸರು ವಾಡೂಕೊಡಾಡಿಂಗ್, ಅಂದರೆ ಒಬ್ಬರಿಗೊಬ್ಬರು ನೆರವಾಗುವ ಸ್ಥಳ.

ಬೆಳಗಾವಿಯ ಆ ಏಳು ಮಂದಿಯ ಶಾಲೆಗೂ ಈ ಹೆಸರು ಒಪ್ಪುತ್ತಿತ್ತು. ಪ್ರಿಯ ವಿದ್ಯಾರ್ಥಿಗಳೇ, ಉರ್ದುವನ್ನು ಮರೆಯಬೇಡಿ, ಕನ್ನಡವನ್ನು ಪರೀಕ್ಷೆಗಷ್ಟೇ ಕಲಿಯಬೇಡಿ. ಮಾನ್ಯ ಸದಸ್ಯರೇ, ಒಂದು ಶಾಲೆಗೆ ಮೊದಲು ಬೇಕಾದದ್ದು ದೊಡ್ಡ ಕಟ್ಟಡವಲ್ಲ, ಬಿಟ್ಟುಹೋಗದ ಶಿಕ್ಷಕರು ಮತ್ತು ಅವರ ಕೈಬಿಡದ ಸಮಾಜ.